ಪಂಚೆಗೆ ಪ್ರವೇಶವಿಲ್ಲ!

ನಮ್ಮ ಪಕ್ಷದ ಹಿರಿಯ ಸಂಗಾತಿಯೊಬ್ಬರಿಗೆ ಬರುವ ತಿಂಗಳು ಎಪ್ಪತ್ತೈದು ತುಂಬುತ್ತದೆ. ಕಾಗೋಡು ಸತ್ಯಾಗ್ರಹ ನಡೆದ 1951ರಲ್ಲಿ ಗೇಣಿದಾರನ ಮನೆಯಲ್ಲಿ ಹುಟ್ಟಿದವರು. ಅವರ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯ ಹುಡುಗ, ಅಪ್ಪನನ್ನು ಮರೆತವನಲ್ಲ. ಹುಟ್ಟುಹಬ್ಬದ ದಿನ ಅಪ್ಪ ಅಮ್ಮನನ್ನು ರಾಜಧಾನಿಗೆ ಕರೆಸಿ ದೊಡ್ಡ ಹೋಟೆಲಿನಲ್ಲಿ ಊಟ ಹಾಕಿಸಬೇಕೆಂಬುದು ಅವನ ಆಸೆ. ಮೂರು ಹೋಟೆಲುಗಳ ಹೆಸರು ಬರೆದು ಕಳಿಸಿ, "ಯಾವುದು ಆದೀತು ನೀವೇ ಹೇಳಿ, ಅಪ್ಪ ನಿಮ್ಮ ಮಾತಾದರೆ ಕೇಳ್ತಾರೆ" ಎಂದು ನಮ್ಮನ್ನು ಕೇಳಿದ. ಪತ್ರಿಕೆ ನಡೆಸುವವರ ತಲೆಗೆ ಇಂಥ ಪಂಚಾಯ್ತಿಯೂ ಬರುತ್ತದೆಂದು ನಮಗೆ ತಿಳಿದಿರಲಿಲ್ಲ. ಕೇಳಿದ ಮೇಲೆ ವಿಚಾರಿಸದೆ ಹೇಳುವುದು ಹೇಗೆ? ವಿಚಾರಿಸಿದೆವು.

ಒಂದರಲ್ಲಿ ನಮ್ಮ ಮಲೆನಾಡಿನ ಕಳಲೆ ಪಲ್ಯವನ್ನು ಬಾಯಿ ತಿರುಗದ ಹೆಸರಿನಲ್ಲಿ, ಅಂಗೈಯಷ್ಟು ತಟ್ಟೆಯಲ್ಲಿಟ್ಟು, ಕೂಲಿಯವನ ಒಂದು ದಿನದ ಸಂಬಳಕ್ಕೆ ಮಾರುತ್ತಾರೆ. ಅದನ್ನು ಬಿಡೋಣ. ಇನ್ನೊಂದರಲ್ಲಿ ತಲೆಗೆ 4,000 ರೂಪಾಯಿ. ಅವರು ಬಡಿಸಿದ್ದನ್ನು ನಾವು ತಿನ್ನಬೇಕು. ನಾಲ್ಕು ಜನಕ್ಕೆ 16,000. ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ. ದಿನಕ್ಕೆ 7,500 ರೂಪಾಯಿಗೆ ಮೇಲ್ಪಟ್ಟ ಬಾಡಿಗೆಯ ಕೋಣೆಗಳಿರುವ ಹೋಟೆಲಾದ್ದರಿಂದ ಮತ್ತೆ ಶೇಕಡಾ 18 ತೆರಿಗೆ. ಒಟ್ಟು 20,768 ರೂಪಾಯಿ. ಸೇವಾ ಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈ ಮಾತನ್ನು ಹುಡುಗನಿಗೆ ಹೇಳಿದರೆ, "ಅಪ್ಪನ ಹುಟ್ಟುಹಬ್ಬದ ದಿನ ಸಾವಿರದ ಆರುನೂರಕ್ಕೆ ಜಗಳ ಆಡೋದಾ?" ಎನ್ನುತ್ತಾನೆ. ಮಾಲೀಕರು ನಂಬಿಕೊಂಡಿರುವುದೂ ಈ ಸಂಕೋಚವನ್ನೇ.

ಈ 4,000ದ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಬೇಕು. ಸರ್ಕಾರದ್ದೇ 2023-24ರ ಸಮೀಕ್ಷೆಯಂತೆ ಭಾರತದ ಹಳ್ಳಿಯ ಮನುಷ್ಯನೊಬ್ಬ ಒಂದು ತಿಂಗಳಿಗೆ ಸರಾಸರಿ ಖರ್ಚು ಮಾಡುವುದು 4,122 ರೂಪಾಯಿ. ಅನ್ನ, ಬಟ್ಟೆ, ಔಷಧಿ, ಬಸ್ ಚಾರ್ಜು, ಮಗುವಿನ ಪುಸ್ತಕ ಎಲ್ಲ ಸೇರಿ ಇಷ್ಟು. ತೀರ ಕೆಳಗಿನ ನೂರಕ್ಕೆ ಐದು ಮಂದಿಯದು 1,677. ದಿನಕ್ಕೆ ಸುಮಾರು 56 ರೂಪಾಯಿ. 1963ರ ಆಗಸ್ಟ್‌ನಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತು ಇಪ್ಪತ್ತೇಳು ಕೋಟಿ ಜನ ದಿನಕ್ಕೆ ಮೂರಾಣೆಯ ಮೇಲೆ ಬದುಕುತ್ತಿದ್ದಾರೆಂದಾಗ, ಪ್ರಧಾನಿ ನೆಹರೂ ಅದು ಮೂರಲ್ಲ, ಹದಿನೈದಾಣೆ ಎಂದರು. ಈಗ ಆಣೆಯೇ ಇಲ್ಲ, ಲೆಕ್ಕ ಮಾತ್ರ ತೀರಿಲ್ಲ.

ಆದರೆ ಹಣಕ್ಕಿಂತ ನಮ್ಮನ್ನು ಕೆಣಕಿದ್ದು ಮೂರನೆಯ ಹೋಟೆಲು. ಅಲ್ಲಿ ಉಡುಪಿನ ನಿಯಮವಿದೆ. ಚಪ್ಪಲಿ ಕೂಡದು, ಪಂಚೆ ಕೂಡದು. ನಮ್ಮ ಸಂಗಾತಿ ಪ್ಯಾಂಟು ತೊಟ್ಟದ್ದನ್ನು ನಾವು ಕಂಡಿಲ್ಲ. ಮಗ ಸಂಕೋಚದಿಂದಲೇ, "ಒಂದು ರಾತ್ರಿಗೆ ಒಂದು ಪ್ಯಾಂಟು ಹೊಲಿಸಿದರಾಯ್ತಲ್ಲ" ಎಂದ.

ಆಗುವುದಿಲ್ಲ! ಆ ತಂದೆಯ ತಂದೆ ಇದ್ದ ಕಾಲದಲ್ಲಿ ಗೇಣಿಯವನು ಒಡೆಯರೆದುರು ಮೊಣಕಾಲಿನ ಕೆಳಗೆ ಪಂಚೆ ಬಿಟ್ಟು ನಡೆಯುವಂತಿರಲಿಲ್ಲವೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದರು. ಸತ್ಯಾಗ್ರಹ ಕೊಳಗದ ಅಳತೆಗಾಗಿ ನಡೆಯಿತೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ, ನಿಜ. ಆದರೆ ಪಂಚೆಯನ್ನು ಹಿಮ್ಮಡಿಯವರೆಗೆ ಇಳಿಬಿಟ್ಟು ನಡೆಯುವ ಹಕ್ಕೂ ಆ ಕೊಳಗದೊಳಗೆ ಇತ್ತು. ಜೈಲಿಗೆ ಹೋಗಿ ಇಳಿಸಿದ ಪಂಚೆಯನ್ನು ಮೊಮ್ಮಗ ಊಟದ ಮೇಜಿಗಾಗಿ ಬಿಚ್ಚಿಸಬೇಕೆ?

ಇದು ಒಂದು ಹೋಟೆಲಿನ ಹುಚ್ಚೆಂದು ತಳ್ಳಿಹಾಕುವಂತಿಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ಮಗನೊಡನೆ ಸಿನಿಮಾ ನೋಡಲು ಬಂದ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ಕೈಯಲ್ಲಿ ಟಿಕೇಟು ಇತ್ತು. ವಿಧಾನಸಭೆಯಲ್ಲಿ ಗದ್ದಲವಾಯಿತು, ಮಾಲಿಗೆ ಬೀಗ ಬಿತ್ತು. ಬೀಗ ಹಾಕುವಾಗ ತೋರಿಸಿದ ಕಾರಣ ಬಾಕಿ ತೆರಿಗೆ! ಅದೇ ತಮಿಳುನಾಡನ್ನು ನೋಡಿ. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟ ಹೈಕೋರ್ಟು ನ್ಯಾಯಾಧೀಶರನ್ನೇ ಬಾಗಿಲಿಂದ ಹಿಂದಕ್ಕೆ ಕಳಿಸಿತು. ತಿಂಗಳೊಪ್ಪತ್ತಿನಲ್ಲಿ ಅಲ್ಲಿನ ವಿಧಾನಸಭೆ ಕಾಯಿದೆ ಮಾಡಿ, ವೇಷ್ಟಿಯನ್ನು ತಡೆದರೆ ಲೈಸೆನ್ಸು ರದ್ದು ಎಂದಿತು. ತಡೆಸಿಕೊಂಡವರು ನ್ಯಾಯಾಧೀಶರಾದ್ದರಿಂದ ಕಾಯಿದೆ ಇಷ್ಟು ಚುರುಕಾಗಿ ಓಡಿತೇ ಎಂಬ ಸಂಶಯ ನಮಗಿದೆ. ಇರಲಿ, ಕಾಯಿದೆ ಬಂತು.

ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳನ್ನು ಹೆಸರು ಹಿಡಿದು ಹೇಳಿ, ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದಿತು. ಉಪಾಹಾರ ಗೃಹದ ಬಾಗಿಲು ಅಷ್ಟು ದೊಡ್ಡ ಗ್ರಂಥದೊಳಕ್ಕೆ ಯಾಕೆ ಬಂತು? ಆ ಬಾಗಿಲಲ್ಲಿ ಎಷ್ಟು ಜನರ ಮಾನ ಹೋಗಿತ್ತೆಂಬುದು ಬರೆದವರಿಗೆ ಗೊತ್ತಿದ್ದುದರಿಂದ. ಹೊರಗೆ ನಿಂತು ಬೇರೆ ಲೋಟದಲ್ಲಿ ಕಾಫಿ ಕುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದ ಮೇಲೂ 1957ರಲ್ಲಿ ಪೆರಿಯಾರರ ಕಡೆಯವರು ಮದ್ರಾಸಿನ ಹೋಟೆಲು ಫಲಕದ ಮೇಲಿನ 'ಬ್ರಾಹ್ಮಣ' ಎಂಬ ಪದ ತೆಗೆಸಲು ಬೀದಿಗಿಳಿಯಬೇಕಾಯಿತು. ಈಗ ಆ ಪದ ಬೇಕಾಗಿಲ್ಲ. ದರದ ಪಟ್ಟಿ ಸಾಕು, ಬೂಟು ಸಾಕು. ಸಂವಿಧಾನದ ಪಟ್ಟಿಯಲ್ಲಿ ಹಣ ಎಂಬ ಪದವಿಲ್ಲ, ಉಡುಪು ಎಂಬ ಪದವೂ ಇಲ್ಲ. ಆ ಎರಡು ಸಂದಿಯಲ್ಲಿ ಹಳೆಯ ಪಂಕ್ತಿಭೇದ ನುಸುಳಿ ಒಳಗೆ ಬಂದು ಕೂತಿದೆ. ಬಾಗಿಲಲ್ಲಿ ನಿಂತು ಪಂಚೆ ತಡೆಯುವ ಕಾವಲುಗಾರನಾದರೂ ಯಾರು? ರಜೆಗೆ ಊರಿಗೆ ಬಂದಾಗ ಅವನೂ ಪಂಚೆಯನ್ನೇ ಉಡುವವನು.

ಸಮಾಜವಾದಿಗಳಿಗೆ ಒಳ್ಳೆಯ ಊಟ ಕಂಡರಾಗದು, ದುಡಿದ ಮಗ ತಂದೆಗೆ ಉಣ್ಣಿಸಿದರೆ ಇವರ ಗಂಟೇನು ಹೋಯಿತು ಎಂದು ಕೆಲವರು ಕೇಳುತ್ತಾರೆ. ಬಡತನವನ್ನು ವ್ರತ ಮಾಡಿಕೊಳ್ಳುವ ಚಾಳಿ ನಮ್ಮದಲ್ಲ. ಅರಿವೆ ಹಾಸಿದ ಮೇಜು, ಶುಚಿಯಾದ ತಟ್ಟೆ, ನಿಧಾನದ ಮಾತು ಇವು ಗದ್ದೆ ಉತ್ತವನಿಗೂ ಬೇಕು, ಅವನಿಗೇ ಮೊದಲು ಬೇಕು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಿದಾಗ, 1957ರ ಆಗಸ್ಟ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಆ ನೌಕರರು ಸಹಕಾರ ಸಂಘ ಕಟ್ಟಿದರು. ಬೀಸಣಿಗೆಯಂಥ ರುಮಾಲು ಸುತ್ತಿ ಕಾಫಿ ತಂದಿಡುವವನೇ ಅಲ್ಲಿ ಒಡೆಯ. ಕವಿಗಳು, ಕಾರ್ಮಿಕರು, ಕೆಲಸವಿಲ್ಲದವರು ಒಂದೇ ಸಾಲಿನಲ್ಲಿ ಕೂತರು. ಯಾರ ಕಾಲು ನೋಡಿಯೂ ಬಾಗಿಲು ತೆರೆಯಲಿಲ್ಲ.

ಹುಡುಗನಿಗೆ ನಾವು ಹೇಳಿದ್ದಿಷ್ಟು. ಮೂರೂ ಬೇಡ. ಅಪ್ಪನನ್ನು ಬಾಳೆಲೆ ಹಾಕುವ ಯಾವುದಾದರೂ ಒಳ್ಳೆಯ ಊಟದ ಹೋಟೆಲಿಗೆ ಕರೆದುಕೊಂಡು ಹೋಗು, ಪಂಚೆಯಲ್ಲೇ, ನಾವೂ ಬರುತ್ತೇವೆ. ಆದರೆ ಅದಕ್ಕೂ ಮೊದಲು ಆ ಮೂರನೆಯ ಹೋಟೆಲಿಗೆ ಒಂದು ಕಾಗದ ಬರೆದು, ಪಂಚೆ ಉಟ್ಟವರನ್ನು ಯಾವ ಕಾಯಿದೆಯ ಬಲದಿಂದ ತಡೆಯುತ್ತೀರೆಂದು ಕೇಳು. ಪ್ರತಿಯನ್ನು ನಮ್ಮ ಕ್ಷೇತ್ರದ ಶಾಸಕರಿಗೆ ಕಳಿಸು. ತಮಿಳುನಾಡಿನ ಕಾಯಿದೆಯ ಪ್ರತಿಯನ್ನು ಅದಕ್ಕೆ ನಾವು ಲಗತ್ತಿಸುತ್ತೇವೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀತೀನಿ" ಎಂದ. ಹೋಟೆಲಿನ ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಕಾಗದವನ್ನೇ ಹಾಕುತ್ತೇವೆ.