ಸಮಿತಿಯ ತೀರ್ಮಾನ, ಸವಾರನ ಉತ್ತರ: ಕ್ರಿಸ್ ಹೋಯ್ ನಡೆದ ದಾರಿ

ಆರು ಒಲಿಂಪಿಕ್ ಚಿನ್ನದ ಪದಕ ಗೆದ್ದ ಬ್ರಿಟನ್ನಿನ ಸೈಕಲ್ ಪಟು ಸರ್ ಕ್ರಿಸ್ ಹೋಯ್ ಅವರ ಹೆಸರು 2024ರಿಂದೀಚೆಗೆ ಕ್ರೀಡಾ ಪುಟಕ್ಕಿಂತ ಆರೋಗ್ಯದ ಪುಟದಲ್ಲೇ ಹೆಚ್ಚು ಕಾಣಿಸಿಕೊಂಡಿದೆ. ತಮಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದೆ, ಅದು ಮೂಳೆಗಳಿಗೂ ಹರಡಿದೆ, ಇನ್ನು ಗುಣವಾಗುವುದಿಲ್ಲ ಎಂದು ಆ ವರ್ಷದ ಅಕ್ಟೋಬರಿನಲ್ಲಿ ಅವರೇ ತಿಳಿಸಿದರು. ವೈದ್ಯರು ಎರಡರಿಂದ ನಾಲ್ಕು ವರ್ಷದ ಗಡುವು ಹೇಳಿದ್ದರು. ಆಗ ಅವರಿಗೆ 48 ವರ್ಷ.

ಅಲ್ಲಿಂದ ಅವರು ಹಿಡಿದಿರುವುದು ಒಂದೇ ಹಟ: ಗಂಡಸರಿಗೆ ಈ ರೋಗದ ಪರೀಕ್ಷೆ ಬೇಗ ಆಗಬೇಕು. ಆದರೆ 2025ರ ನವೆಂಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ತಪಾಸಣಾ ಸಮಿತಿ ಹೊರಡಿಸಿದ ಕರಡು ಶಿಫಾರಸು ಅವರಿಗೆ ನಿರಾಸೆ ತಂದಿತು. ಎಲ್ಲ ಗಂಡಸರಿಗೂ ತಪಾಸಣೆ ಬೇಡ, ಬಿಆರ್‌ಸಿಎ ಎಂಬ ವಂಶವಾಹಿ ದೋಷ ಇರುವವರಿಗೆ ಮಾತ್ರ ಸಾಕು ಎಂಬುದು ಅದರ ಸಾರ. ಹೋಯ್ ಅವರ ಮಟ್ಟಿಗೆ, ದೂರದ ಕೋಣೆಯಲ್ಲಿ ಕುಳಿತ ಸಮಿತಿಯೊಂದರ ತೀರ್ಮಾನ ಎದುರಿಗೆ ಬಂದು ನಿಂತದ್ದು ಇದೇ ಮೊದಲಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಅವರ ಆಟದ ದಿನಗಳಿಗೆ ಹೋಗಬೇಕು.

ಬ್ರೇಕ್ ಇಲ್ಲದ ಸೈಕಲ್

1976ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದ ಹೋಯ್, ಆರು ವರ್ಷದವರಿದ್ದಾಗ 'ಇ.ಟಿ.' ಎಂಬ ಸಿನಿಮಾದಲ್ಲಿ ಹುಡುಗರು ಸೈಕಲ್ ಓಡಿಸುವುದನ್ನು ಕಂಡು ಮರುಳಾದರು. ಮಣ್ಣಿನ ದಿಬ್ಬಗಳ ಮೇಲೆ ಓಡಿಸುವ ಬಿಎಂಎಕ್ಸ್ ಸೈಕಲಿನಿಂದ ಅವರ ಆಟ ಶುರುವಾಯಿತು. ಹದಿನಾಲ್ಕರವರೆಗೆ ಅದೇ, ಆಮೇಲೆ ದೋಣಿ ಹುಟ್ಟು, ರಗ್ಬಿ, ಕೊನೆಗೆ ಟ್ರ್ಯಾಕ್ ಸೈಕಲ್.

ಟ್ರ್ಯಾಕ್ ಸೈಕಲಿಗೆ ಬ್ರೇಕ್ ಇಲ್ಲ, ಗೇರು ಒಂದೇ. ಹಿಂದಿನ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ನಮ್ಮೂರ ಸೈಕಲಿನಂತೆ ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟು ಜಾರುವಂತಿಲ್ಲ. ಓಡಿಸುವ ಜಾಗ 250 ಮೀಟರ್ ಸುತ್ತಳತೆಯ ಮರದ ಹಾಸು. ತಿರುವುಗಳಲ್ಲಿ ಅದು ಗೋಡೆಯಂತೆ ಎದ್ದು ನಿಂತಿರುತ್ತದೆ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇಡೀ ಬ್ರಿಟನ್ ತಂದದ್ದು ಒಂದೇ ಚಿನ್ನ. ಪದಕ ಪಟ್ಟಿಯಲ್ಲಿ 36ನೇ ಸ್ಥಾನ. ಮರುವರ್ಷದಿಂದ ರಾಷ್ಟ್ರೀಯ ಲಾಟರಿಯ ಹಣದ ಒಂದು ಪಾಲು ನೇರವಾಗಿ ಕ್ರೀಡಾಪಟುಗಳ ತರಬೇತಿಗೆ ಹೋಗತೊಡಗಿತು. ಕೇರಳದ ಗಡಿಯ ಓದುಗರಿಗೆ ಸರ್ಕಾರಿ ಲಾಟರಿ ಹೊಸದಲ್ಲ, ಆದರೆ ಆ ಹಣ ಆಟಗಾರನ ತಿಂಗಳ ಖರ್ಚಿಗೆ ಒದಗಿದ್ದು ಅಲ್ಲಿಯ ವಿಶೇಷ. 1994ರಲ್ಲಿ ತೆರೆದಿದ್ದ ಮ್ಯಾಂಚೆಸ್ಟರಿನ ಒಳಾಂಗಣ ವೆಲೋಡ್ರೋಮ್ ಆಗಲೇ ಸಿದ್ಧವಿತ್ತು. ಮಳೆ ಚಳಿಯ ಹಂಗಿಲ್ಲದೆ ವರ್ಷವಿಡೀ ಅಭ್ಯಾಸ ಮಾಡಲು ಜಾಗ ಸಿಕ್ಕಿತು, ಹೊಟ್ಟೆಪಾಡಿನ ಚಿಂತೆ ಇಳಿಯಿತು. ಹೋಯ್ ಬೆಳೆದದ್ದು ಈ ನೆರಳಿನಲ್ಲಿ. ಪ್ರತಿಭೆ ಅವರದ್ದೇ, ಆದರೆ ನೆರಳು ಸಾರ್ವಜನಿಕರದ್ದು ಎಂಬುದನ್ನು ಮರೆಯುವಂತಿಲ್ಲ.

ಅಳಿಸಿ ಹೋದ ಓಟ

ಹೋಯ್ ಅವರ ಕೈಹಿಡಿದ ಓಟ 'ಕಿಲೋ'. ನಿಂತಲ್ಲಿಂದ ಹೊರಟು, ಒಬ್ಬರೇ, ನಾಲ್ಕು ಸುತ್ತು, ಒಂದು ಕಿಲೋಮೀಟರ್. ಎದುರಾಳಿ ಗಡಿಯಾರ ಮಾತ್ರ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕೊನೆಯವರಾಗಿ ಇಳಿದ ಅವರು 1 ನಿಮಿಷ 0.711 ಸೆಕೆಂಡಿನಲ್ಲಿ ಮುಗಿಸಿ, ಫ್ರಾನ್ಸಿನ ಆರ್ನೋ ಟೂರ್ನಾ ಅವರನ್ನು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ ಅಂತರದಲ್ಲಿ ಹಿಂದಿಕ್ಕಿ ಚಿನ್ನ ಗೆದ್ದರು.

ಮರುವರ್ಷವೇ, ಅಂದರೆ 2005ರಲ್ಲಿ, ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಕಿಲೋ ಓಟವನ್ನು ಒಲಿಂಪಿಕ್ ಪಟ್ಟಿಯಿಂದಲೇ ತೆಗೆದುಹಾಕಿತು. ಬಿಎಂಎಕ್ಸ್‌ಗೆ ಜಾಗ ಮಾಡಿಕೊಡಲು ಈ ಕ್ರಮ. ಬಾಲ್ಯದಲ್ಲಿ ಸೈಕಲ್ ಹುಚ್ಚು ಹಿಡಿಸಿದ ಆಟವೇ ಅವರ ಓಟವನ್ನು ನುಂಗಿದ್ದು ವಿಪರ್ಯಾಸ. 29ನೇ ವಯಸ್ಸಿನಲ್ಲಿ, ಚಾಂಪಿಯನ್ ಆಗಿದ್ದಾಗಲೇ, ಅವರಿಗೆ ಆಡಲು ಆಟವೇ ಇಲ್ಲದಂತಾಯಿತು.

ಅವರು ಉಳಿದ ಎರಡು ಓಟಗಳನ್ನು ಹೊಸದಾಗಿ ಕಲಿಯಲು ಕುಳಿತರು. ಒಂದು ಸ್ಪ್ರಿಂಟ್: ಇಬ್ಬರೇ ಸವಾರರು, ಮೊದಲು ಬೆಕ್ಕು ಇಲಿಯಂತೆ ಒಬ್ಬರನ್ನೊಬ್ಬರು ಕಾಯುವುದು, ಕೊನೆಯಲ್ಲಿ ಒಮ್ಮೆಲೇ ನುಗ್ಗುವುದು. ಇನ್ನೊಂದು ಕೀರಿನ್: 1948ರಲ್ಲಿ ಜಪಾನಿನಲ್ಲಿ ಬಾಜಿ ಕಟ್ಟುವ ಓಟವಾಗಿ ಶುರುವಾದದ್ದು. ಸವಾರರೆಲ್ಲ ಒಂದು ಮೋಟಾರು ವಾಹನದ ಹಿಂದೆ ಸಾಗಿ, ಅದು ಪಕ್ಕಕ್ಕೆ ಸರಿದ ಮೇಲೆ ಪೈಪೋಟಿಗೆ ಇಳಿಯುತ್ತಾರೆ. ಕಿಲೋದಲ್ಲಿ ಬೇಕಾದದ್ದು ಬಲ ಮತ್ತು ಸಹನೆ. ಇಲ್ಲಿ ಎದುರಾಳಿಯ ಮನಸ್ಸನ್ನು ಓದುವ ಚಾಕಚಕ್ಯತೆಯೂ ಬೇಕು.

2007ರಲ್ಲಿ ಕೀರಿನ್ ವಿಶ್ವ ಚಾಂಪಿಯನ್ ಪಟ್ಟ ಬಂತು. 2008ರಲ್ಲಿ ಸ್ಪ್ರಿಂಟ್ ಪಟ್ಟವೂ ಬಂತು. 1954ರ ನಂತರ ಬ್ರಿಟನ್ನಿನ ಗಂಡಸರಿಗೆ ಅದು ಸಿಕ್ಕಿರಲೇ ಇಲ್ಲ. ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟೀಮ್ ಸ್ಪ್ರಿಂಟ್, ಕೀರಿನ್, ಸ್ಪ್ರಿಂಟ್ ಮೂರರಲ್ಲೂ ಚಿನ್ನ. ಕಿಲೋ ಪಟ್ಟಿಯಲ್ಲೇ ಉಳಿದಿದ್ದರೆ ಅವರು ಈ ಹೊಸ ಓಟಗಳಿಗೆ ಮನಸ್ಸು ಮಾಡುತ್ತಿದ್ದರೇ ಎಂಬುದು ಅನುಮಾನ.

ಬೀಜಿಂಗ್‌ನಲ್ಲಿ ಸ್ಪ್ರಿಂಟ್ ಮತ್ತು ಕೀರಿನ್‌ನ ಚಿನ್ನ, ಬೆಳ್ಳಿ ಎರಡೂ ಬ್ರಿಟನ್ನಿನ ಪಾಲಾದವು. ಮುಂದಿನ ಒಲಿಂಪಿಕ್ಸ್ ಹೊತ್ತಿಗೆ ವೈಯಕ್ತಿಕ ಓಟಗಳಲ್ಲಿ ಒಂದು ದೇಶಕ್ಕೆ ಒಬ್ಬರೇ ಎಂಬ ನಿಯಮ ಬಂತು. ಹೀಗಾಗಿ 2012ರ ಲಂಡನ್‌ನಲ್ಲಿ ಸ್ಪ್ರಿಂಟ್ ಅವಕಾಶ ಕಿರಿಯ ಜೇಸನ್ ಕೆನ್ನಿಗೆ ಹೋಯಿತು. ಹೋಯ್ ತಮ್ಮ ಚಿನ್ನ ಉಳಿಸಿಕೊಳ್ಳಲು ಇಳಿಯುವಂತೆಯೇ ಇರಲಿಲ್ಲ. ಅವರು ಟೀಮ್ ಸ್ಪ್ರಿಂಟ್ ಮತ್ತು ಕೀರಿನ್‌ಗಳಲ್ಲಿ ಇನ್ನೆರಡು ಚಿನ್ನ ಗೆದ್ದು, 2013ರ ಏಪ್ರಿಲ್‌ನಲ್ಲಿ ನಿವೃತ್ತರಾದರು.

ಇದೇ ಬದಲಾವಣೆಯ ಇನ್ನೊಂದು ಮುಖವನ್ನೂ ನೋಡಬೇಕು. ಬೀಜಿಂಗ್‌ನಲ್ಲಿ ಟ್ರ್ಯಾಕ್ ಸೈಕ್ಲಿಂಗಿನ ಹತ್ತು ಓಟಗಳಲ್ಲಿ ಹೆಂಗಸರದ್ದು ಮೂರೇ ಇದ್ದವು. ಲಂಡನ್‌ನಲ್ಲಿ ಐದಾದವು. ಒಬ್ಬರಿಗೆ ಮುಚ್ಚಿದ ಬಾಗಿಲು ಮತ್ತೊಬ್ಬರಿಗೆ ತೆರೆದಿತ್ತು.

ಈ ಬಾರಿ ಓಟ ಬದಲಿಸುವಂತಿಲ್ಲ

ಆಟದ ಸಮಿತಿ ಬಾಗಿಲು ಮುಚ್ಚಿದಾಗ ಹೋಯ್ ಬೇರೆ ಬಾಗಿಲು ಹುಡುಕಿಕೊಂಡರು. ರೋಗದ ವಿಷಯದಲ್ಲಿ ಆ ಅನುಕೂಲ ಇಲ್ಲ. ಅವರ ಅಜ್ಜ, ತಂದೆ ಇಬ್ಬರಿಗೂ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿತ್ತು. ಆದರೂ 2023ರಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದದ್ದು ಭುಜದ ನೋವು. ವ್ಯಾಯಾಮದ ನೋವೆಂದು ಸ್ಕ್ಯಾನ್ ಮಾಡಿಸಿದರೆ ಸಿಕ್ಕಿದ್ದು ಗೆಡ್ಡೆ. ರೋಗ ಹರಡಿದ ಮೇಲೆ ತಿಳಿದರೆ ಮಾಡುವಂಥದ್ದು ಕಡಿಮೆ ಎಂಬುದಕ್ಕೆ ಅವರೇ ಸಾಕ್ಷಿ.

ಹಾಗೆಂದು ತಪಾಸಣಾ ಸಮಿತಿಯವರ ವಾದವನ್ನು ತಳ್ಳಿಹಾಕುವಂತಿಲ್ಲ. ಪಿಎಸ್‌ಎ ಎಂಬ ರಕ್ತಪರೀಕ್ಷೆ ಪಕ್ಕಾ ಅಲ್ಲ. ರೋಗ ಇಲ್ಲದವರಲ್ಲೂ ಅದರ ಅಂಕಿ ಏರಬಹುದು, ಇದ್ದವರಲ್ಲೂ ಸಾಮಾನ್ಯವಾಗಿರಬಹುದು. ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಎಷ್ಟೋ ನಿಧಾನವಾಗಿ ಬೆಳೆದು ಆಯುಷ್ಯವಿಡೀ ತೊಂದರೆ ಕೊಡದಂಥವು. ಅವುಗಳಿಗೆಲ್ಲ ಶಸ್ತ್ರಚಿಕಿತ್ಸೆ, ವಿಕಿರಣ ಎಂದು ಹೊರಟರೆ ಮೂತ್ರ ತಡೆಯಲಾಗದ ಸ್ಥಿತಿ, ಲೈಂಗಿಕ ಶಕ್ತಿ ನಷ್ಟ ಮುಂತಾದ ಪರಿಣಾಮಗಳು ಕಾಡುತ್ತವೆ. ಎಲ್ಲರನ್ನೂ ಪರೀಕ್ಷಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚೆಂಬುದು ಸಮಿತಿಯ ಲೆಕ್ಕ. ಆದರೆ ಹೋಯ್ ಅವರಂತೆ ಮನೆತನದಲ್ಲಿ ರೋಗ ಇರುವವರನ್ನೂ ಆ ಕರಡು ತಪಾಸಣೆಗೆ ಸೇರಿಸಲಿಲ್ಲ. ವಾದ ಗಟ್ಟಿಯಾಗಿರುವುದು ಇಲ್ಲಿಯೇ.

2025ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋದಲ್ಲಿ, ತಮ್ಮದೇ ಹೆಸರಿನ ವೆಲೋಡ್ರೋಮ್‌ನಿಂದ ಹೋಯ್ ಸೈಕಲ್ ಯಾತ್ರೆಯೊಂದನ್ನು ನಡೆಸಿ ಕ್ಯಾನ್ಸರ್ ಸೇವೆಗೆ 20 ಲಕ್ಷ ಪೌಂಡಿಗೂ ಮೀರಿ ಹಣ ಕೂಡಿಸಿದರು. ಆದರೆ ಅದಕ್ಕಿಂತ ದೊಡ್ಡ ಕೆಲಸ, ಗಂಡಸರು ಬಾಯಿಬಿಡಲು ನಾಚುವ ರೋಗವೊಂದನ್ನು ಅವರು ಮನೆಮಾತಾಗಿಸಿದ್ದು.

ನಮ್ಮ ದೇಶದ ಸರ್ಕಾರಿ ತಪಾಸಣೆ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್. ಪ್ರಾಸ್ಟೇಟ್ ಅದರಲ್ಲಿ ಸೇರಿಲ್ಲ. ಹಾಗಾಗಿ ಇಲ್ಲಿ ಯಾರೂ ಮನೆಗೆ ಬಂದು ಕರೆಯುವುದಿಲ್ಲ. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ, ವಯಸ್ಸು ನಲವತ್ತೈದರ ಆಸುಪಾಸಿಗೆ ಬಂದವರು ತಾವಾಗಿಯೇ ವೈದ್ಯರ ಮುಂದೆ ಆ ಮಾತು ಎತ್ತುವುದು ಒಳ್ಳೆಯದು. ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಮೇಲೆ ಇಬ್ಬರೂ ಕೂಡಿ ತೀರ್ಮಾನಿಸಬಹುದು. ಸಮಿತಿಗಳು ಲೆಕ್ಕ ಹಾಕುವುದು ಲಕ್ಷಾಂತರ ಜನರನ್ನು ಮುಂದಿಟ್ಟುಕೊಂಡು. ಒಬ್ಬೊಬ್ಬರ ಮನೆಯ ಚರಿತ್ರೆ ಗೊತ್ತಿರುವುದು ಆಯಾ ಮನೆಯವರಿಗೇ.