ಅಂಗಡಿಯ ಲೆಕ್ಕ ಕ್ಲೌಡ್‌ಗೆ ಹೋಯಿತು, ಬೀಗದ ಕೈ ಯಾರಲ್ಲಿ ಉಂಟು?

ಮಂಗಳೂರು ಬಂದರಿನ ಸಗಟು ಅಂಗಡಿಗಳಿಂದ ಹಿಡಿದು ಬಿ.ಸಿ. ರೋಡ್, ಪುತ್ತೂರು, ಉಪ್ಪಿನಂಗಡಿಯ ಜವಳಿ ಮಳಿಗೆಗಳವರೆಗೆ ಈಗ ಒಂದೇ ಮಾತು: ‘ಲೆಕ್ಕವನ್ನೆಲ್ಲ ಕ್ಲೌಡ್‌ಗೆ ಹಾಕಿ.’ ಸಾಫ್ಟ್‌ವೇರ್ ಮಾರಲು ಬರುವ ಹುಡುಗರು ಮೊಬೈಲ್ ತೆರೆದು ತೋರಿಸುತ್ತಾರೆ. ಇವತ್ತು ಎಷ್ಟು ಬಿಲ್ ಆಯಿತು, ಗೋದಾಮಿನಲ್ಲಿ ಎಷ್ಟು ಮಾಲು ಉಳಿಯಿತು, ಯಾರಿಂದ ಎಷ್ಟು ಬರಬೇಕು, ಎಲ್ಲವೂ ಕೂತಲ್ಲೇ ಕಾಣುತ್ತದೆ. ಕೊನೆಗೆ ಒಂದು ಮಾತು ಸೇರಿಸುತ್ತಾರೆ: ‘ದುಬೈಯಲ್ಲಿ ಕೂತು ಕೂಡ ಅಂಗಡಿ ನೋಡಬಹುದು.’ ಅಲ್ಲಿಗೆ ವ್ಯಾಪಾರ ಕುದುರಿತು. ಅಂಗಡಿ ಊರಲ್ಲಿ, ಬಂಡವಾಳ ಹಾಕಿದ ಮಗ ಗಲ್ಫ್‌ನಲ್ಲಿ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಕ್ಲೌಡ್ ಅಂದರೆ ಬಾಡಿಗೆ ಗೋದಾಮು, ಅಷ್ಟೆ. ಕೌಂಟರ್ ಕೆಳಗಿನ ಸಿಪಿಯುವಿನಲ್ಲಿದ್ದ ಲೆಕ್ಕ ದೊಡ್ಡ ಕಂಪೆನಿಯೊಂದರ ಯಂತ್ರದಲ್ಲಿ ಕೂರುತ್ತದೆ, ನಾವು ಇಂಟರ್‌ನೆಟ್ ಮೂಲಕ ಅದನ್ನು ತೆರೆಯುತ್ತೇವೆ. ಮೈಕ್ರೋಸಾಫ್ಟ್ 2015ರಲ್ಲಿ ಮುಂಬೈ, ಪುಣೆ, ಚೆನ್ನೈಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯಿತು. ಅಮೆಝಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಕರಾವಳಿಯ ಉಪ್ಪುಗಾಳಿ, ಸಿಡಿಲು, ಇಲಿಗಳ ಕಾಟ ಗೊತ್ತಿದ್ದವರು ಈ ವ್ಯವಸ್ಥೆಯನ್ನು ಹಗುರವಾಗಿ ಕಾಣಲಾರರು. ಒಂದು ಸಿಡಿಲಿಗೆ ಯುಪಿಎಸ್, ಕಂಪ್ಯೂಟರ್, ಮೂರು ವರ್ಷದ ಲೆಕ್ಕ ಎಲ್ಲ ಒಟ್ಟಿಗೇ ಹೋದರೆ ಏನು ಮಾಡುವುದು? ಅದೂ ಅಲ್ಲದೆ, ವರ್ಷದ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ಇನ್ನೊಬ್ಬ ವ್ಯಾಪಾರಿಗೆ ಮಾಡುವ ಬಿಲ್‌ಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಇಂಟರ್‌ನೆಟ್ ಬೇಡ ಎಂದು ಕೂರುವ ಕಾಲ ಮುಗಿದಿದೆ.

ಆದ್ದರಿಂದ ಕ್ಲೌಡ್‌ಗೆ ಹೋಗಬೇಡಿ ಎಂಬುದು ನನ್ನ ವಾದವಲ್ಲ. ಹೋಗುವಾಗ ಬರುವ ತಾಪತ್ರಯಗಳಲ್ಲಿ ಹೆಚ್ಚಿನವು ಮುಂಬೈಯ ಯಂತ್ರದಲ್ಲಿ ಇಲ್ಲ, ನಮ್ಮ ಅಂಗಡಿಯಲ್ಲಿ, ನಮ್ಮ ಕುಟುಂಬದಲ್ಲಿಯೇ ಉಂಟು. ಮಾರಲು ಬಂದ ಹುಡುಗ ಅದನ್ನು ಹೇಳುವುದಿಲ್ಲ. ಅವನಿಗೆ ಅದು ಗೊತ್ತೂ ಇರುವುದಿಲ್ಲ.

ಮೊದಲಿಗೆ ನಮ್ಮ ಪುಸ್ತಕದ ಸ್ಥಿತಿಯನ್ನೇ ನೋಡಿ. ಒಬ್ಬನೇ ಗಿರಾಕಿ ಒಂದು ಕಡೆ ‘ಕೆ. ಹಮೀದ್’, ಇನ್ನೊಂದು ಕಡೆ ‘ಹಮೀದ್ ಕಾಟಿಪಳ್ಳ’, ಮತ್ತೊಂದು ಕಡೆ ‘ಹಮೀದಾಕ’. ಮೂರೂ ಒಬ್ಬರೇ ಎಂದು ಗೊತ್ತಿರುವುದು ಮೂವತ್ತು ವರ್ಷದಿಂದ ಕೂತಿರುವ ರೈಟರ್‌ಗೆ ಮಾತ್ರ. ಟ್ಯಾಲಿಯಲ್ಲಿ ಒಂದು ಬಾಕಿ, ಪೆನ್ಸಿಲಿನಲ್ಲಿ ಬರೆದ ಉದ್ರಿ ಪುಸ್ತಕದಲ್ಲಿ ಇನ್ನೊಂದು ಬಾಕಿ. ‘ಅದು ಹೋದ ಪೆರ್ನಾಳಿಗೆ ಕೊಟ್ಟು ಮುಗಿಸಿದ್ದಾರೆ, ಬರೆಯಲು ಬಿಟ್ಟುಹೋಗಿದೆ’ ಎಂಬುದು ಅವರ ತಲೆಯಲ್ಲಿರುವ ಮೂರನೆಯ ಲೆಕ್ಕ. ಇದನ್ನು ಹಾಗೆಯೇ ಎತ್ತಿ ಕ್ಲೌಡ್‌ಗೆ ಹಾಕಿದರೆ ಕಸವೇ ಮನೆ ಬದಲಾಯಿಸಿದ ಹಾಗೆ. ಮೊದಲು ಅಂಗಡಿಯೊಳಗಿದ್ದ ತಪ್ಪು ಬಾಕಿ ಈಗ ವಾಟ್ಸ್ಆ್ಯಪ್ ಸಂದೇಶವಾಗಿ ತಾನಾಗಿಯೇ ಗಿರಾಕಿಯ ಮನೆಗೆ ಹೋಗುತ್ತದೆ. ಕೊಟ್ಟು ತೀರಿಸಿದವನಿಗೆ ಮತ್ತೆ ಕೇಳಿದರೆ ಆಗುವ ಅವಮಾನವನ್ನು ಯಾವ ಸಾಫ್ಟ್‌ವೇರೂ ಸರಿಮಾಡಲಾರದು.

ಹಾಗಾಗಿ ಈ ಕೆಲಸಕ್ಕೆ ಮೊದಲು ಬೇಕಾದವರು ಆ ರೈಟರ್. ನಮ್ಮಲ್ಲಿ ಆಗುವುದು ತದ್ವಿರುದ್ಧ. ಬಿಸಿಎ ಕಲಿತ ಮಗ ಬಂದು ಕೂರುತ್ತಾನೆ, ‘ಇನ್ನು ನಿಮಗೆ ಕಷ್ಟ ಇಲ್ಲ’ ಎಂದು ಹಿರಿಯರನ್ನು ಮೂಲೆಗೆ ಕಳುಹಿಸುತ್ತಾನೆ. ಎರಡು ತಿಂಗಳು ಆ ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಹೆಸರು ಹೆಸರಾಗಿ ಬಾಕಿ ತಾಳೆ ನೋಡುವುದಕ್ಕೆ ಆಗುವ ಸಂಬಳ ಇಡೀ ಬದಲಾವಣೆಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು. ಹೊಸದರ ಜೊತೆ ಹಳೆಯದನ್ನೂ ಅಷ್ಟು ದಿನ ನಡೆಸಬೇಕು.

ಹೊತ್ತು ನೋಡುವುದೂ ಮುಖ್ಯ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಎಪ್ರಿಲ್‌ನಲ್ಲಿ ಒಂದು ವಾರಾಂತ್ಯದಲ್ಲಿ ಇಡೀ ಬ್ಯಾಂಕನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಗ್ರಾಹಕರ ಲೆಕ್ಕ ಸರಿಯಾಗಿಯೇ ದಾಟಿತ್ತು. ಆದರೆ ಸಾಕಷ್ಟು ಪರೀಕ್ಷೆ ಮಾಡದ ಹೊಸ ವ್ಯವಸ್ಥೆ ತಾಳಲಿಲ್ಲ. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ, ಎಲ್ಲ ಸರಿಹೋಗುವಾಗ ಆ ವರ್ಷದ ಡಿಸೆಂಬರ್ ಬಂತು. 2022ರಲ್ಲಿ ಅಲ್ಲಿನ ನಿಯಂತ್ರಕರು 4.86 ಕೋಟಿ ಪೌಂಡ್ ದಂಡ ಹಾಕಿದರು. ಬ್ಯಾಂಕಿನ ಗತಿಯೇ ಇದಾದರೆ ಬಟ್ಟೆ ಅಂಗಡಿಯದ್ದು ಹೇಗೆ? ಈಚಿನ ವರ್ಷಗಳಲ್ಲಿ ರಮಝಾನ್ ಮತ್ತು ಮಾರ್ಚ್ ಕೊನೆಯ ಲೆಕ್ಕ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತಿವೆ. ಆ ದಿನಗಳಲ್ಲಿ ಸಾಫ್ಟ್‌ವೇರ್ ಬದಲಿಸುವವರ ಧೈರ್ಯ ಮೆಚ್ಚಬೇಕು, ಬುದ್ಧಿಯನ್ನಲ್ಲ.

ಈಗ ಬೀಗದ ಕೈಯ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ.

ಕ್ಲೌಡ್ ಖಾತೆ ತೆರೆಯಲು ಒಂದು ಇಮೇಲ್ ಬೇಕು, ಒಂದು ಮೊಬೈಲ್ ನಂಬರ್ ಬೇಕು. ಅಂಗಡಿಯ ಯಜಮಾನರಿಗೆ ಇಮೇಲ್ ಇಲ್ಲ. ತಂಗಿಯ ಮಗ ತನ್ನದೇ ಜಿಮೇಲ್ ಹಾಕುತ್ತಾನೆ, ಒಟಿಪಿ ಅವನ ಮೊಬೈಲಿಗೆ ಬರುತ್ತದೆ. ಒಂದು ವರ್ಷ ಎಲ್ಲ ಚೆನ್ನಾಗಿ ನಡೆಯುತ್ತದೆ. ಆಮೇಲೆ ಅವನಿಗೆ ವೀಸಾ ಬರುತ್ತದೆ, ಜುಬೈಲ್‌ಗೆ ಹೋಗುತ್ತಾನೆ. ಊರಿನ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿರುತ್ತದೆ. ಹಾಗೇ ಬಿಟ್ಟರೆ ಕೆಲವು ತಿಂಗಳಲ್ಲಿ ಆ ನಂಬರ್ ರದ್ದಾಗಿ ಬೇರೊಬ್ಬರ ಕೈಸೇರಲೂಬಹುದು. ಪಾಸ್‌ವರ್ಡ್ ಮರೆತ ದಿನ ಅಂಗಡಿಯ ಲೆಕ್ಕದ ಬಾಗಿಲು ಹಾಕಿಕೊಂಡಿತು ಎಂದೇ ಅರ್ಥ. ಇನ್ನೂ ಕೆಲವು ಕಡೆ ಖಾತೆ ಇರುವುದು ಸಾಫ್ಟ್‌ವೇರ್ ಹಾಕಿಕೊಟ್ಟವನ ಹೆಸರಲ್ಲೇ. ಅವನೊಡನೆ ಜಗಳವಾದರೆ ಹೋಯಿತು.

ಅಣ್ಣತಮ್ಮಂದಿರ ಕೂಡುವ್ಯಾಪಾರದಲ್ಲಿ ಇದು ಇನ್ನೂ ಸೂಕ್ಷ್ಮ. ಉಪ್ಪ ಇರುವ ತನಕ ಲೆಕ್ಕದ ಪುಸ್ತಕ ಕಪಾಟಿನಲ್ಲಿತ್ತು, ಕೀಲಿ ಅವರ ಸೊಂಟದಲ್ಲಿತ್ತು. ಪಾಲಾಗುವಾಗ ಜಮಾತಿನ ಹಿರಿಯರ ಮುಂದೆ ಪುಸ್ತಕ ತೆರೆದು ಇಡಬಹುದಿತ್ತು. ಈಗ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅಂಗಡಿಯ ಚರಿತ್ರೆ ಅವರ ಕೈಯಲ್ಲಿ. ಒಬ್ಬ ತಮ್ಮ ಇನ್ನೊಬ್ಬನ ಲಾಗಿನ್ ಕಿತ್ತುಹಾಕಲು ಒಂದು ನಿಮಿಷ ಸಾಕು. ಅದಕ್ಕೆ ಖಾತೆ ವ್ಯಕ್ತಿಯ ಹೆಸರಲ್ಲಿ ಬೇಡ. ಅಂಗಡಿಯ ಹೆಸರಲ್ಲೇ ಒಂದು ಇಮೇಲ್, ಅಂಗಡಿಯಲ್ಲೇ ಇರುವ ಒಂದು ನಂಬರ್, ಪೂರ್ಣ ಅಧಿಕಾರವಿರುವ ಇಬ್ಬರು, ಇಷ್ಟನ್ನು ಪಾಲುದಾರಿಕೆಯ ಕರಾರಿನಲ್ಲಿಯೇ ಬರೆದಿಡುವುದು ಒಳ್ಳೆಯದು. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂದು ಕುರ್‌ಆನಿನ ಅತಿ ಉದ್ದದ ಆಯತ್‌ನಲ್ಲೇ ಕಲಿತವರಿಗೆ ಇದು ಹೊಸ ಪಾಠ ಆಗಬಾರದು.

ದೊಡ್ಡವರಿಗೂ ಈ ಭಯ ತಪ್ಪಿದ್ದಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯಲ್ಲಿ ರಶ್ಯದ ಕಂಪೆನಿಯ ಪಾಲಿದೆ. 2025ರ ಜುಲೈಯಲ್ಲಿ ಯುರೋಪಿಯನ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿದ ಬೆನ್ನಿಗೆ ಮೈಕ್ರೋಸಾಫ್ಟ್ ಅದರ ಸೇವೆಗಳನ್ನು ನಿಲ್ಲಿಸಿತು. ಹಣ ಕೊಟ್ಟು ಪಡೆದ ಪರವಾನಿಗೆ ಇದ್ದರೂ ತನ್ನದೇ ಮಾಹಿತಿ ತನಗೆ ಸಿಗುತ್ತಿಲ್ಲ ಎಂದು ಕಂಪೆನಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು. ಅವರಿಗೆ ಹೈಕೋರ್ಟ್ ಇತ್ತು. ಬಂದರಿನ ಮಸಾಲೆ ಅಂಗಡಿಯವರು ಯಾವ ಕೋರ್ಟಿಗೆ ಹೋಗುವುದು ಮಾರಾಯ್ರೇ? ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ: ಬಾಡಿಗೆ ಕಟ್ಟುವುದು ನಿಲ್ಲಿಸಿದರೆ ನನ್ನ ಲೆಕ್ಕ ಎಷ್ಟು ದಿನ ಇರುತ್ತದೆ, ಅದನ್ನು ಎಕ್ಸೆಲ್‌ನಲ್ಲಿ ತೆಗೆದುಕೊಡುತ್ತೀರಾ, ಅದಕ್ಕೆ ಬೇರೆ ದುಡ್ಡು ಉಂಟಾ? ಉತ್ತರ ತಡವರಿಸಿದರೆ ಆ ಸಾಫ್ಟ್‌ವೇರ್ ಬೇಡ.

ಬಾಡಿಗೆಯ ಲೆಕ್ಕವನ್ನೂ ಐದು ವರ್ಷಕ್ಕೆ ಹಾಕಿ ನೋಡಿ, ಮೊದಲ ವರ್ಷದ ರಿಯಾಯಿತಿಯಲ್ಲಿ ಅಲ್ಲ. ಇಷ್ಟು ಹೇಳಿದರೆ ವ್ಯಾಪಾರಿಗಳಿಗೆ ಸಾಕು.

ಇಂಟರ್‌ನೆಟ್ ಹೋದರೆ ಏನು? ರಸ್ತೆ ಅಗೆಯುವಾಗ ಕೇಬಲ್ ತುಂಡಾಗುವುದು, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸತಲ್ಲ. 2019ರ ಡಿಸೆಂಬರ್ 19ರ ಗೋಲಿಬಾರ್ ನಂತರ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್‌ನೆಟ್ಟನ್ನೇ ನಿಲ್ಲಿಸಿದ್ದರು. ಅದನ್ನು ಈ ಪುಟದ ಓದುಗರಿಗೆ ನೆನಪಿಸಬೇಕಾಗಿಲ್ಲ. ಸಂಪರ್ಕ ಇಲ್ಲದಾಗಲೂ ಬಿಲ್ ಮಾಡಿ, ಬಂದ ಮೇಲೆ ತಾನಾಗಿ ಸೇರಿಸುವ ಸಾಫ್ಟ್‌ವೇರ್‌ಗಳು ಇವೆ. ಕೇಳಿ ತೆಗೆದುಕೊಳ್ಳಬೇಕು. ತೋರಿಸಲು ಬಂದವನ ಎದುರಲ್ಲೇ ವೈಫೈ ಆಫ್ ಮಾಡಿ ಒಂದು ಬಿಲ್ ತೆಗೆಯಲು ಹೇಳಿ, ಸತ್ಯ ಅಲ್ಲೇ ಗೊತ್ತಾಗುತ್ತದೆ.

‘ಕ್ಲೌಡ್‌ನಲ್ಲಿದ್ದರೆ ಕಳೆದುಹೋಗುವುದಿಲ್ಲ’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ದಕ್ಷಿಣ ಕೊರಿಯದ ಡೇಜನ್ ನಗರದಲ್ಲಿ 2025ರ ಸೆಪ್ಟಂಬರ್‌ನಲ್ಲಿ ಸರಕಾರದ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಸಂಗ್ರಹ ಸುಟ್ಟುಹೋಯಿತು, ಹೊರಗೆ ಇನ್ನೊಂದು ಪ್ರತಿ ಇರಲಿಲ್ಲ. ಆಸ್ಟ್ರೇಲಿಯದ ಯುನಿಸೂಪರ್ ಎಂಬ ಪಿಂಚಣಿ ನಿಧಿಯದ್ದು ಬೇರೆ ಕತೆ. 2024ರ ಮೇಯಲ್ಲಿ ಗೂಗಲ್ ಕಡೆಯ ತಪ್ಪಿನಿಂದ ಅದರ ಕ್ಲೌಡ್ ಖಾತೆಯೇ ಅಳಿಸಿಹೋಯಿತು, 6 ಲಕ್ಷಕ್ಕೂ ಹೆಚ್ಚು ಸದಸ್ಯರ ಲೆಕ್ಕ ಅದರಲ್ಲಿತ್ತು. ಅವರನ್ನು ಉಳಿಸಿದ್ದು ಬೇರೆ ಕಂಪೆನಿಯಲ್ಲಿ ಇಟ್ಟಿದ್ದ ಇನ್ನೊಂದು ಪ್ರತಿ. ನಮಗೆ ಅಷ್ಟೆಲ್ಲ ಬೇಡ. ವಾರಕ್ಕೊಮ್ಮೆ ಇಳಿಸಿಕೊಂಡು ಮನೆಯ ಕಪಾಟಿನಲ್ಲಿಡುವ ಒಂದು ಹಾರ್ಡ್‌ಡಿಸ್ಕ್ ಸಾಕು. ಅದು ತೆರೆಯುತ್ತದೆಯೇ ಎಂದು ಆಗಾಗ ನೋಡುತ್ತಿರಬೇಕು.

ಇನ್ನು ಉದ್ರಿ ಪಟ್ಟಿ. ಅದರಲ್ಲಿ ಇರುವುದು ಬರೀ ಅಂಕಿ ಅಲ್ಲ. ಪೆರ್ನಾಳಿಗೆ ಮಕ್ಕಳ ಬಟ್ಟೆಯ ಹಣ ಕೊಡಲಾಗದ ಮನೆ ಯಾವುದು, ಮಗಳ ಮದುವೆಗೆ ಎಷ್ಟು ಸಾಲ ಮಾಡಿದ್ದಾರೆ, ಗಂಡ ಗಲ್ಫ್‌ನಿಂದ ಹಣ ಕಳುಹಿಸುವುದು ಯಾವಾಗ ನಿಂತಿತು, ಇದೆಲ್ಲ ಆ ಪುಸ್ತಕ ಓದಬಲ್ಲವನಿಗೆ ತಿಳಿಯುತ್ತದೆ. ಹಳೆಯ ಪುಸ್ತಕವನ್ನು ಯಜಮಾನರು, ರೈಟರ್ ಬಿಟ್ಟರೆ ಯಾರೂ ತೆರೆಯುತ್ತಿರಲಿಲ್ಲ. ಈಗ ಒಂದೇ ಪಾಸ್‌ವರ್ಡ್ ಸೇಲ್ಸ್‌ಮನ್‌ಗಳು ಸೇರಿ ಐದಾರು ಜನರ ಮೊಬೈಲಿನಲ್ಲಿ ಇರುತ್ತದೆ. ಅವರಲ್ಲಿ ಒಬ್ಬ ಕೆಲಸ ಬಿಟ್ಟು ಎದುರಿನ ಅಂಗಡಿ ಸೇರಿದ ಮೇಲೂ ಅವನ ಮೊಬೈಲಿನಲ್ಲಿ ನಮ್ಮ ಲೆಕ್ಕ ತೆರೆಯುತ್ತಿರುತ್ತದೆ! 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕಾಗದದ ಪುಸ್ತಕಕ್ಕೆ ಅನ್ವಯಿಸದ ಈ ಕಾನೂನು ಕ್ಲೌಡ್‌ನಲ್ಲಿರುವ ಪಟ್ಟಿಗೆ ಅನ್ವಯಿಸುತ್ತದೆ. ರಕ್ಷಣೆಯಲ್ಲಿ ಲೋಪವಾದರೆ ದಂಡದ ಮಿತಿ 250 ಕೋಟಿ ರೂಪಾಯಿಯ ತನಕ ಉಂಟು. ಸಣ್ಣ ಅಂಗಡಿಗೆ ಅಷ್ಟು ದಂಡ ಹಾಕಲಿಕ್ಕಿಲ್ಲ. ದಂಡ ಇರಲಿ ಬಿಡಲಿ, ಇನ್ನೊಬ್ಬರ ಮನೆಯ ಕಷ್ಟದ ವಿವರ ನಮ್ಮ ಕೈಯಲ್ಲಿರುವ ಅಮಾನತ್. ಪ್ರತಿಯೊಬ್ಬ ಕೆಲಸಗಾರನಿಗೂ ಬೇರೆ ಬೇರೆ ಲಾಗಿನ್ ಇರಲಿ. ಬಿಲ್ ಮಾಡುವವನಿಗೆ ಬಿಲ್ ಮಾತ್ರ ಕಾಣಲಿ, ಬಾಕಿಯ ಪಟ್ಟಿ ಕಾಣಬೇಕಾಗಿಲ್ಲ. ಕೆಲಸ ಬಿಟ್ಟ ದಿನವೇ ಲಾಗಿನ್ ಮುಚ್ಚಬೇಕು.

ಇಷ್ಟೆಲ್ಲ ನೋಡಿಕೊಳ್ಳುವವರು ಯಾರು ಎಂದು ಕೇಳುತ್ತೀರಿ. ನಮ್ಮ ಎಷ್ಟೋ ಮನೆಗಳಲ್ಲಿ ಬಿ.ಕಾಂ., ಬಿಸಿಎ ಮುಗಿಸಿದ ಹೆಣ್ಣುಮಕ್ಕಳು ಇದ್ದಾರೆ. ಪದವಿ ಪತ್ರ ಫೈಲಿನಲ್ಲಿ, ಕಲಿತದ್ದು ಅಡುಗೆಮನೆಯಲ್ಲಿ. ಅಂಗಡಿಯಲ್ಲಿ ಬಂದು ಕೂರುವುದಕ್ಕೆ ಮನೆಯವರು ಒಪ್ಪದಿದ್ದ ಕಾಲದಲ್ಲಿ ಅವರಿಗೆ ದಾರಿ ಇರಲಿಲ್ಲ. ಕ್ಲೌಡ್‌ನಲ್ಲಿರುವ ಲೆಕ್ಕವನ್ನು ಮನೆಯಿಂದಲೇ ನೋಡಬಹುದು, ಜಿಎಸ್‌ಟಿ ತಾಳೆ ನೋಡಬಹುದು, ಝಕಾತ್‌ಗಾಗಿ ಮಾಲಿನ ಬೆಲೆಯ ಪಟ್ಟಿ ತೆಗೆಯಬಹುದು. ಆದರೆ ಸಂಬಳ ಕೊಟ್ಟು, ‘ಸ್ವಲ್ಪ ನೋಡಿ ಕೊಡು ಮೋಳೆ’ ಎಂದು ಪುಕ್ಕಟೆಯಾಗಿ ಅಲ್ಲ. ದುಬೈಯ ಮಗನಿಗೆ ಅಂಗಡಿ ಕಾಣುತ್ತದೆ ಎಂದು ಖುಷಿಪಟ್ಟವರು ಮನೆಯಲ್ಲೇ ಇರುವ ಮಗಳಿಗೂ ಒಂದು ಲಾಗಿನ್ ಕೊಡಲಿ, ಪೂರ್ಣ ಅಧಿಕಾರದ್ದು.

ಸದ್ಯಕ್ಕೆ, ಈಗಾಗಲೇ ಕ್ಲೌಡ್‌ಗೆ ಹೋಗಿರುವವರು ಇವತ್ತು ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಒಮ್ಮೆ ‘ಪಾಸ್‌ವರ್ಡ್ ಮರೆತಿದೆ’ ಎಂಬ ಗುಂಡಿ ಒತ್ತಿ ನೋಡಿ. ಒಟಿಪಿ ಯಾರ ಮೊಬೈಲಿಗೆ ಬರುತ್ತದೆ?