ಓದಿದ ಕೈಗಳೂ ಹಬ್ಬದ ಕೆಲಸವೂ

ಹಬ್ಬದ ತಿಂಡಿಯನ್ನು ಮನೆಯಲ್ಲಿ ಮಾಡಬೇಕೇ, ಅಂಗಡಿಯಿಂದ ತರಬೇಕೇ? ಶುಭಾಶಯದ ಕಾರ್ಡನ್ನು ನಾವೇ ಕತ್ತರಿಸಿ ಬರೆಯಬೇಕೇ, ಅಚ್ಚಾಗಿ ಬಂದುದನ್ನು ಕೊಂಡರೆ ಸಾಲದೇ? ಇವು ಚರ್ಚಾಕೂಟದ ಮುಂದಿಡುವಷ್ಟು ಘನವಾದ ಪ್ರಶ್ನೆಗಳಲ್ಲವೆಂದು ನಮ್ಮಲ್ಲಿ ಹಲವರಿಗೆ ತೋರಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವರು ಹಿಟ್ಟು, ಅಂಟು, ಬಣ್ಣದ ಕಾಗದಗಳ ವಿಚಾರವನ್ನು ಏಕೆ ಎತ್ತಿಕೊಳ್ಳಬೇಕೆಂದು ಯಾರಾದರೂ ಕೇಳಿಯಾರು. ಹಾಗೆ ಕೇಳುವ ಮನೋಭಾವವನ್ನು ಕುರಿತೇ ನಾನಿಲ್ಲಿ ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ಓದಿದವರಿಗೆ ಕೈಕೆಲಸ ಬೇಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಎಷ್ಟು ಆಳಕ್ಕೆ ಇಳಿದಿದೆಯೆಂದು ತಿಳಿಯಲು ಕ್ರಿಸ್‌ಮಸ್ ಹಬ್ಬದ ಸಿದ್ಧತೆಯನ್ನು ನೋಡಿದರೆ ಸಾಕು.

ನಮ್ಮ ಕರಾವಳಿಯ ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಈ ಹಬ್ಬಕ್ಕೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ಮೈದಾ ಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕಲಸಿ, ಸಣ್ಣ ಸಣ್ಣ ಉಂಡೆಗಳನ್ನು ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಕಿಡಿಯೊ. ಎಳ್ಳು, ಸಕ್ಕರೆ, ತೆಂಗಿನ ತುರಿ, ಗೇರುಬೀಜದ ಚೂರುಗಳನ್ನು ತುಂಬಿ, ಅರ್ಧಚಂದ್ರಾಕಾರವಾಗಿ ಮಡಚಿ, ಅಂಚನ್ನು ಹಲ್ಲಿರುವ ಚಕ್ರದಿಂದ ಕತ್ತರಿಸಿ ಕರಿದರೆ ನೆವ್ರಿ. ಇದು ಕರ್ಜಿಕಾಯಿಯ ನೆಂಟ. ಅಕ್ಕಿಹಿಟ್ಟು, ತೆಂಗಿನ ಹಾಲು, ಮೊಟ್ಟೆಗಳ ತೆಳು ಹಿಟ್ಟಿನಲ್ಲಿ ಕಬ್ಬಿಣದ ಹೂವಿನಚ್ಚನ್ನು ಅದ್ದಿ ಕಾದ ಎಣ್ಣೆಗೆ ಇಳಿಸಿದರೆ ಕೊಕ್ಕಿಸಾಂ. ಅಚ್ಚು ಸಾಕಷ್ಟು ಕಾಯದಿದ್ದರೆ ಹಿಟ್ಟು ಹಿಡಿಯದು. ಮೇಲಂಚಿನವರೆಗೆ ಅದ್ದಿದರೆ ಹೂವು ಅಚ್ಚನ್ನು ಬಿಡಲೊಲ್ಲದು. ಎಷ್ಟು ಕಾಯಬೇಕು, ಎಷ್ಟು ಅದ್ದಬೇಕು ಎಂಬುದು ಓದಿ ಬರುವ ವಿದ್ಯೆಯಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತು, ಹತ್ತಾರು ಹೂ ಕೆಡಿಸಿದ ಮೇಲೆ ಕೈಗೆ ಬರುವಂಥದು. ಹೀಗೆ ಮಾಡಿದ್ದರಲ್ಲಿ ಒಂದು ಪಾಲು ತಟ್ಟೆಗಳಲ್ಲಿ ನೆರೆಮನೆಗಳಿಗೆ ಹೋಗುತ್ತದೆ. ನೆರೆಯವರು ಹಿಂದೂಗಳಾಗಲಿ ಮುಸಲ್ಮಾನರಾಗಲಿ ತಟ್ಟೆ ತಪ್ಪುವುದಿಲ್ಲ. ಅವರ ಹಬ್ಬಗಳಲ್ಲಿ ನಮ್ಮ ಮನೆಗೂ ತಟ್ಟೆ ಬರುತ್ತದೆ.

ಅಲಂಕಾರದ ವಸ್ತುಗಳ ಕಥೆಯೂ ಹೀಗೆಯೇ. ಯೇಸುವಿನ ಜನನವನ್ನು ತೋರಿಸುವ ಗೋದಲಿಗೆ ಹಸುರು ಬೇಕೆಂದು ಮಕ್ಕಳು ಕೆಲವು ದಿನ ಮೊದಲೇ ಭತ್ತವನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಬಿದಿರಿನ ಕಡ್ಡಿಗಳನ್ನು ಸೀಳಿ, ದಾರದಿಂದ ಬಿಗಿದು, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡಿ ಅಂಗಳದಲ್ಲಿ ತೂಗುಹಾಕುತ್ತಾರೆ. ದೀಪಾವಳಿಗೆ ತುಳುನಾಡಿನ ಮನೆಗಳಲ್ಲಿ ಗೂಡುದೀಪ ಮಾಡುವುದೂ ಇದೇ ಬಿದಿರಿನಿಂದ, ಇದೇ ಕಾಗದದಿಂದ. ಗೂಡುದೀಪ ಕಟ್ಟಬಲ್ಲವನಿಗೆ ನಕ್ಷತ್ರ ಕಟ್ಟುವುದು ಕಷ್ಟವಲ್ಲ. ಕಡ್ಡಿ ಸೀಳುವ ಕೈಗೆ ಜಾತಿಮತಗಳ ಭೇದ ತಿಳಿಯದು.

ಕಾಗದದ ನಕ್ಷತ್ರಕ್ಕೂ ಶಾಲೆಯ ಪಾಠಕ್ಕೂ ಹಳೆಯ ಸಂಬಂಧವಿದೆಯೆಂಬುದನ್ನು ನಮ್ಮ ಗುರುವರ್ಯರು ಕೇಳಿದರೆ ಸಂತೋಷಪಟ್ಟಾರು. ಹಲವು ಮೊನೆಗಳ ಮೊರೇವಿಯನ್ ನಕ್ಷತ್ರವೆಂಬುದು ಇಂದು ಅನೇಕ ದೇಶಗಳಲ್ಲಿ ಕ್ರಿಸ್‌ಮಸ್ಸಿನ ಗುರುತು. ಅದು ಹುಟ್ಟಿದ್ದು 1830ರ ದಶಕದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಪಂಗಡದ ಬಾಲಕರ ಶಾಲೆಯಲ್ಲಿ, ರೇಖಾಗಣಿತದ ಅಭ್ಯಾಸವಾಗಿ. ಘನಾಕೃತಿಗಳ ಪಾಠವನ್ನು ಹುಡುಗರು ಕಾಗದ ಮಡಚಿ ಕಲಿತರು. ಹಬ್ಬಕ್ಕೆ ಅದನ್ನೇ ಮನೆಯಲ್ಲಿ ಮಾಡಿದರು. ಪುಸ್ತಕದ ವಿದ್ಯೆಯೂ ಕೈಯ ವಿದ್ಯೆಯೂ ಒಂದೇ ಬೆಂಚಿನ ಮೇಲೆ ಕುಳಿತ ಉದಾಹರಣೆ ಇದು.

ಇನ್ನು ಕಾರ್ಡಿನ ವಿಷಯ. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಮಾಡಿಸಿದವನು ಹೆನ್ರಿ ಕೋಲ್. ಚಿತ್ರ ಬರೆದವನು ಜಾನ್ ಕಾಲ್‌ಕಾಟ್ ಹಾರ್ಸ್‌ಲಿ. ಸುಮಾರು 1,000 ಪ್ರತಿಗಳು. ಒಂದೊಂದರ ಬೆಲೆ ಒಂದು ಶಿಲ್ಲಿಂಗ್, ಬಡ ಕೂಲಿಯವನ ಕೈಗೆ ಎಟುಕದ ಮೊತ್ತ. 1840ರಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದ ಮೇಲೆ ಪತ್ರಗಳು ಹೆಚ್ಚಿದ್ದವು. ಬಹಳ ಕೆಲಸಗಳನ್ನು ಹಚ್ಚಿಕೊಂಡಿದ್ದ ಕೋಲನಿಗೆ ಎಲ್ಲರಿಗೂ ಕೈಯಾರೆ ಬರೆಯಲು ಪುರುಸೊತ್ತಿರಲಿಲ್ಲ. ಎಂದರೆ ಅಚ್ಚಿನ ಕಾರ್ಡು ಹುಟ್ಟಿದ್ದು ಪ್ರೀತಿ ಹೆಚ್ಚಾಗಿ ಅಲ್ಲ, ಹೊತ್ತು ಸಾಲದೆ! ಅದರಲ್ಲಿಯೂ ಒಂದು ವಿಶೇಷ: ರೇಖೆಗಳು ಅಚ್ಚಿನವಾದರೂ ಬಣ್ಣವನ್ನು ಪ್ರತಿಯೊಂದಕ್ಕೂ ಕೈಯಿಂದಲೇ ತುಂಬಬೇಕಾಯಿತು. ಇಂದು ಮೊಬೈಲಿನಲ್ಲಿ ಒಂದೇ ಚಿತ್ರವನ್ನು ನೂರು ಜನರಿಗೆ ಒಂದೇ ಕ್ಷಣದಲ್ಲಿ ಕಳುಹಿಸುವ ನಾವು ಕೋಲನ ದಾರಿಯಲ್ಲೇ ಇನ್ನಷ್ಟು ದೂರ ನಡೆದಿದ್ದೇವೆ. ಅದನ್ನು ತಪ್ಪೆನ್ನಲಾರೆ. ಆದರೆ ನೂರು ಜನರಿಗೆ ಒಂದೇ ಆಗಿರುವ ಮಾತಿನಲ್ಲಿ ಯಾರೊಬ್ಬರ ಹೆಸರೂ ಇರುವುದಿಲ್ಲ.

ಇಲ್ಲಿಯವರೆಗೆ ಓದಿದವರು, ಇವನು ಕೈಯಿಂದ ಮಾಡಿದ್ದೆಲ್ಲ ಶ್ರೇಷ್ಠ, ಯಂತ್ರದಿಂದ ಬಂದದ್ದೆಲ್ಲ ಕನಿಷ್ಠ ಎಂದು ಹೇಳುವವನೆಂದು ಭಾವಿಸಬಾರದು. ಕೈಯಿಂದ ಮಾಡಿದ್ದೆಂಬ ಮಾತ್ರಕ್ಕೆ ಯಾವ ವಸ್ತುವೂ ಪವಿತ್ರವಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ಕುಳಿತು ಕೈಯಿಂದ ಮಾಡುವ ವಸ್ತುಗಳಲ್ಲಿ ಮುಖ್ಯವಾದುದು ಬೀಡಿ. ನನ್ನ ತಾಯಿ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದವರು. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತಿ, ನೂಲು ಕಟ್ಟಿ, ಬ್ರಾಂಚಿಗೆ ಒಯ್ದು ಕೊಟ್ಟರೆ ಸಾವಿರಕ್ಕೆ ಇಷ್ಟೆಂದು ಮಜೂರಿ. ಅದರಲ್ಲಿ ಕೈಚಳಕ ಇಲ್ಲವೇ? ಕಿಡಿಯೊ ಸುತ್ತುವುದಕ್ಕಿಂತ ಹೆಚ್ಚೇ ಇದೆ. ಆದರೆ ಅದನ್ನು ಸೇದುವವನ ಮುಖವನ್ನು ಆಕೆ ಕಂಡಿಲ್ಲ. ಎಷ್ಟು ಕಟ್ಟಬೇಕು, ಯಾವುದನ್ನು ಕೆಟ್ಟದ್ದೆಂದು ತೆಗೆದಿಡಬೇಕು ಎಂಬುದು ಆಕೆಯ ಕೈಯಲ್ಲಿಲ್ಲ.

ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಹೊಳೆಯುವ ಗಾಜಿನ ಗುಂಡುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಜರ್ಮನಿಯ ಥುರಿಂಗಿಯಾದಲ್ಲಿ ಲೌಷಾ ಎಂಬ ಬೆಟ್ಟದ ಊರು; 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಸ್ಥಾಪನೆಯಾಯಿತು. 19ನೆಯ ಶತಮಾನದ ನಡುವೆ ಅಲ್ಲಿಯವರು ಮನೆಮನೆಯಲ್ಲಿ ದೀಪದ ಉರಿಗೆ ಗಾಜಿನ ಕೊಳವೆ ಹಿಡಿದು ಊದಿ ಈ ಗುಂಡುಗಳನ್ನು ಮಾಡತೊಡಗಿದರು. ಗಂಡಸರು ಊದುವರು, ಹೆಂಗಸರೂ ಮಕ್ಕಳೂ ಒಳಗೆ ಬೆಳ್ಳಿಯ ದ್ರಾವಣ ಲೇಪಿಸಿ, ಹೊರಗೆ ಬಣ್ಣ ಬಳಿಯುವರು. 1880ರ ದಶಕದಲ್ಲಿ ಅಮೆರಿಕದ ಅಂಗಡಿಕಾರ ವುಲ್‌ವರ್ತ್ ಇವನ್ನು ತರಿಸಿ ಮಾರಲಾರಂಭಿಸಿದ ಮೇಲೆ ಬೇಡಿಕೆ ಬೆಳೆಯಿತು. ಸಾಗರದಾಚೆಯ ಮಕ್ಕಳ ಹಬ್ಬಕ್ಕಾಗಿ ಲೌಷಾದ ಮಕ್ಕಳು ರಾತ್ರಿ ನಿದ್ದೆಗೆಟ್ಟು ದುಡಿದರು. ಅದೂ ಮನೆಯ ಕೈಕೆಲಸವೇ! ನನ್ನ ತಾಯಿಯ ಮೊರವನ್ನು ಕಂಡವನಿಗೆ ಲೌಷಾದ ಮನೆಗಳು ಅಪರಿಚಿತವಾಗಿ ತೋರವು.

ಹಾಗಾದರೆ ಭೇದವೆಲ್ಲಿದೆ? ಕೆಲಸ ಯಾರಿಗಾಗಿ, ಯಾರ ಇಚ್ಛೆಯಿಂದ, ಎಷ್ಟು ಕೈಗಳಿಂದ ನಡೆಯುತ್ತದೆ ಎಂಬುದರಲ್ಲಿದೆ ಎಂದು ನನ್ನ ಅಭಿಪ್ರಾಯ. ಪೋಲೆಂಡಿನ ಕ್ರಾಕೋ ನಗರದ ಗೋದಲಿಗಳನ್ನು ನೋಡಿ. ನಮ್ಮಲ್ಲಿ ಮಳೆಗಾಲಕ್ಕೆ ಗಾರೆ ಕೆಲಸ ನಿಲ್ಲುವಂತೆ ಅಲ್ಲಿ ಚಳಿಗಾಲಕ್ಕೆ ನಿಲ್ಲುತ್ತದೆ. 19ನೆಯ ಶತಮಾನದಲ್ಲಿ ಕೆಲಸವಿಲ್ಲದ ಗಾರೆಯವರೂ ಕಟ್ಟಡದ ಕೂಲಿಯವರೂ ಮನೆಯಲ್ಲಿ ಕುಳಿತು, ತಮ್ಮ ನಗರದ ಗೋಪುರಗಳನ್ನೇ ಹೋಲುವ ಗೋದಲಿಗಳನ್ನು ಮರ, ರಟ್ಟು, ಬಣ್ಣದ ಹಾಳೆಗಳಿಂದ ಕಟ್ಟಿದರು. ಎರಡು ಕಾಸು ಸಿಗಲೆಂಬ ಉದ್ದೇಶವೂ ಅವರಿಗಿತ್ತು. ಆದರೆ ರೂಪ ಅವರದು, ಊರು ಅವರದು. 1937ರಲ್ಲಿ ಅಲ್ಲಿ ಗೋದಲಿಗಳ ಸ್ಪರ್ಧೆ ಮೊದಲಾಯಿತು. 2018ರಲ್ಲಿ ಯುನೆಸ್ಕೊ ಸಂಸ್ಥೆ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ತಂದೆಯವರೂ ಗಾರೆ ಕೆಲಸದವರು. ಮಟ್ಟಗೋಲು ಹಿಡಿದು ಗೋಡೆ ಎಬ್ಬಿಸುವ ಕೈಗೆ ಪುಟ್ಟ ಗೋದಲಿಯ ಮಾಡು ಕೂರಿಸುವುದು ಆಟ. ಅಂಥ ಕೈಗಳಿಗೆ ಪರಂಪರೆ ಎಂಬ ಗೌರವ ಸಿಕ್ಕಿತೆಂದು ತಿಳಿದಾಗ ನನಗಾದ ಹೆಮ್ಮೆಯನ್ನು ಮರೆಮಾಡಲಾರೆ.

ಈಗ ನನ್ನ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹೊಗಳಿ ಬರೆಯುವವರು ಬಹುಮಟ್ಟಿಗೆ ಗಂಡಸರು, ಮಾಡುವವರು ಹೆಂಗಸರು. ಹಬ್ಬದ ವಾರದಲ್ಲಿ ಬೀಡಿಯ ಲೆಕ್ಕವೇನೂ ಕಡಮೆಯಾಗುವುದಿಲ್ಲ. ಹಗಲು ಬೀಡಿ, ಸಂಜೆ ಅಡಿಗೆ, ರಾತ್ರಿ ಒಂಬತ್ತರ ಮೇಲೆ ಎಣ್ಣೆಯ ಬಾಣಲೆಯ ಮುಂದೆ ಕುಸ್ವಾರ್. ಇದನ್ನು ಸಂಸ್ಕೃತಿಯೆಂದು ಹೊಗಳುವುದಕ್ಕೆ ಮುಂಚೆ ಸ್ವಲ್ಪ ನಾಚಿಕೆಪಡಬೇಕು. ಒಬ್ಬಳ ಬೆನ್ನು ಮುರಿದು ಉಳಿಯಬೇಕಾದ ಸಂಪ್ರದಾಯ ಉಳಿಯದಿದ್ದರೂ ನಷ್ಟವಿಲ್ಲ. ಅಂಥ ಮನೆಯವರು ಬೇಕರಿಯಿಂದ ತಂದುಕೊಳ್ಳಲಿ. ಅಥವಾ ಆರ್ಡರು ಹಿಡಿದು ಕುಸ್ವಾರ್ ಮಾಡಿಕೊಡುವ ಹೆಂಗಸರಿಂದ, ಚೌಕಾಸಿ ಮಾಡದೆ, ಕೊಳ್ಳಲಿ. ಅದರಿಂದ ಇನ್ನೊಂದು ಮನೆಯ ಒಲೆ ಉರಿಯುತ್ತದೆ.

ಆದರೆ ಆಕ್ಷೇಪಕ್ಕೆ ಇದೊಂದೇ ಉತ್ತರವಲ್ಲ. ಎಂಟು ಹತ್ತು ಕೈಗಳಿರುವ ಮನೆಯಲ್ಲಿ ಕೆಲಸ ಎರಡು ಕೈಗಳ ಮೇಲೆ ಬಿದ್ದದ್ದು ಏಕೆ? ಮಿಕ್ಕ ಕೈಗಳಲ್ಲಿ ಕೆಲವು ಗಂಡಸರವು, ಕೆಲವು ಓದಿದವರವು. ನಮ್ಮಂಥ ಮನೆಗಳಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಎಲ್ಲ ಕೆಲಸಗಳಿಂದಲೂ ಬಿಡುಗಡೆ ಸಿಗುತ್ತದೆ. “ನೀನು ಓದು ಮಗಾ, ಇದು ನಿನಗಲ್ಲ” ಎಂದು ನನ್ನ ತಾಯಿ ಹೇಳುವುದುಂಟು. ಅದರಲ್ಲಿ ಎಷ್ಟು ಪ್ರೀತಿ, ಎಷ್ಟು ಆಸೆ ಇದೆಯೆಂಬುದನ್ನು ನಾನು ಬಲ್ಲೆ. ಆಕೆಯ ಕೈ ಪಟ್ಟ ಶ್ರಮ ಮಗನ ಕೈಗೆ ಬಾರದಿರಲಿ ಎಂಬುದು ಅದರ ಅರ್ಥ. ಆದರೆ ಬೀಡಿಯ ಮೊರದಿಂದ ನನ್ನನ್ನು ದೂರವಿಡುವುದು ಬೇರೆ, ಹಬ್ಬದ ಹಿಟ್ಟಿನಿಂದ ದೂರವಿಡುವುದು ಬೇರೆ. ಮೊದಲನೆಯದು ನನಗೆ ಕೊಟ್ಟ ಸ್ವಾತಂತ್ರ್ಯ. ಎರಡನೆಯದು ನನ್ನನ್ನು ನನ್ನ ಮನೆಯಲ್ಲೇ ಅತಿಥಿಯಾಗಿಸುತ್ತದೆ. ಆದುದರಿಂದ ಕಳೆದ ಎರಡು ವರ್ಷಗಳಿಂದ ನೆವ್ರಿಯ ಅಂಚು ಕತ್ತರಿಸುವ ಕೆಲಸವನ್ನು ಹಟಹಿಡಿದು ನಾನು ಪಡೆದಿದ್ದೇನೆ. ತಂದೆಯವರು ಕೊಕ್ಕಿಸಾಂ ಅಚ್ಚಿಗೆ ಕುಳಿತುಕೊಳ್ಳುತ್ತಾರೆ. ಮುಗಿಯಲು ನಾಲ್ಕು ರಾತ್ರಿ ಹಿಡಿಯುತ್ತಿದ್ದ ಕೆಲಸ ಈಗ ಎರಡು ರಾತ್ರಿಗಳಲ್ಲಿ ಮುಗಿಯುತ್ತದೆ.

ಒಳ್ಳೆಯ ಸಾಮಾನಿಲ್ಲ, ಚಿತ್ರ ಬರೆಯಲು ಬಾರದು ಎಂಬವರಿಗೂ ಒಂದು ಮಾತು. 1949ರಲ್ಲಿ ಚೆಕೊಸ್ಲೊವಾಕಿಯಾದ ಏಳು ವರ್ಷದ ಬಾಲಿಕೆ ಜಿಟ್ಕಾ ಸಾಮ್ಕೋವಾ, ಯುದ್ಧದ ನಂತರ ತನ್ನ ಊರಿಗೆ ನೆರವಿತ್ತ ಯುನಿಸೆಫ್ ಸಂಸ್ಥೆಗೆ ಕೃತಜ್ಞತೆ ತಿಳಿಸಲು ಒಂದು ಚಿತ್ರ ಬರೆದಳು. ಕಾಗದ ಸಿಗದೆ ಅದನ್ನು ಗಾಜಿನ ಮೇಲೆ ಬರೆದಳು. ಆ ಸಂಸ್ಥೆಯ ಮೊದಲ ಶುಭಾಶಯ ಕಾರ್ಡು ಆದದ್ದು ಅದೇ ಚಿತ್ರ. ಕಲೆಯ ದೃಷ್ಟಿಯಿಂದ ಅದು ಮಗುವಿನ ಕೈಯ ಕೆಲಸ. ಆದರೆ ಅದಕ್ಕೆ ಹೇಳಬೇಕಾದ ಮಾತೊಂದಿತ್ತು. ಹಳೆಯ ನೋಟುಪುಸ್ತಕದ ರಟ್ಟು, ಒಂದು ಕತ್ತರಿ, ಗೋಧಿಹಿಟ್ಟಿನ ಅಂಟು ಇದ್ದರೆ ನಮಗೂ ಸಾಕು. ಪಡೆಯುವವನ ಹೆಸರನ್ನು ಬರೆದು, ಅವನಿಗೇ ಹೇಳಬೇಕಾದ ಎರಡು ಸಾಲು ಸೇರಿಸಿದರೆ ಅದು ಕಾರ್ಡು.

ಸಹಪಾಠಿಗಳೇ, ನಮ್ಮ ತರಗತಿಯವರು ಮುಂದಿನ ಡಿಸೆಂಬರಿನ ಹೊತ್ತಿಗೆ ಚೆದುರಿಹೋಗಿರುತ್ತೇವೆ. ಕೆಲವರು ಬೆಂಗಳೂರಿಗೆ, ಕೆಲವರು ಗಲ್ಫಿಗೆ. ಮನೆಯಿಂದ ಕುಸ್ವಾರಿನ ಪಾರ್ಸೆಲು ಬಂದಾಗ ಅದನ್ನು ಬಿಚ್ಚಿ ತಿನ್ನುವುದು ಸುಲಭ. ಆದರೆ ಅದನ್ನು ಕಟ್ಟಿ ಕಳುಹಿಸುವ ಕೈಗಳಿಗೆ ಪ್ರತಿ ವರ್ಷವೂ ಒಂದು ವಯಸ್ಸು ಹೆಚ್ಚಾಗುತ್ತದೆ. ಆ ಕೈಗಳು ಬಲ್ಲದ್ದನ್ನು ಯಾರೂ ಬರೆದಿಟ್ಟಿಲ್ಲ. ಕ್ರಿಸ್‌ಮಸ್ಸಾಗಲಿ, ದೀಪಾವಳಿಯಾಗಲಿ, ಈದ್ ಆಗಲಿ, ನಿಮ್ಮ ಮನೆಯ ಹಬ್ಬದ ಒಂದಾದರೂ ಕೈಕೆಲಸವನ್ನು ಊರು ಬಿಡುವುದಕ್ಕೆ ಮುಂಚೆ ಕಲಿತುಕೊಳ್ಳಿ ಎಂಬುದು ನನ್ನ ಕೋರಿಕೆ. ಮುಖ್ಯವಾಗಿ ಗಂಡುಹುಡುಗರು ಕಲಿಯಬೇಕು. ಬೇಡವೆಂದು ಮನೆಯವರು ಹೇಳಿಯಾರು, ಅಕ್ಕತಂಗಿಯರು ನಕ್ಕಾರು. ನಗಲಿ. ಬಿ.ಎ. ಪದವಿ ನಮ್ಮ ಕೈಗಳನ್ನು ಕೂಲಿಯ ನಿರ್ಬಂಧದಿಂದ ಬಿಡಿಸಲೆಂದು ಮನೆಯವರು ಹರಸಿದ್ದಾರೆ. ಹಾಗೆ ಬಿಡುಗಡೆಯಾದ ಕೈಗಳು ಮೊದಲು ಅವರ ಪಕ್ಕದಲ್ಲೇ ಕುಳಿತು, ಅವರ ಕೆಲಸದಲ್ಲಿ ಅರ್ಧ ಪಾಲು ಕೇಳಿ ತೆಗೆದುಕೊಳ್ಳಲಿ.